ಅಬೂ ತಾಸನ ಹೊಟ್ಟೆ

ಹಜ್ಜಾ ಇನ್ಸಾಫ್ ಮಹಡಿಯ ಕೋಣೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಾಗ ಕೆಳಗಿನ ಓಣಿಯ ಸುತ್ತಿಗೆಗಳು ನಿಂತವು. ಒಮ್ಮೆಲೇ ನಿಲ್ಲಲಿಲ್ಲ. ಮೊದಲು ಮಸೀದಿಯ ಪಕ್ಕದ ಅಂಗಡಿಯದು ನಿಂತಿತು, ಆಮೇಲೆ ಅದರ ಈಚೆಯದು. ಯಾರೋ ಒಬ್ಬರು ನಡೆದು ಬರುತ್ತಾ ಪ್ರತಿ ಬಾಗಿಲಲ್ಲೂ ಒಂದೊಂದು ಮಾತು ಹೇಳುತ್ತಿರುವ ಹಾಗೆ ಮೌನ ಅವಳ ಮನೆಯ ಕಡೆಗೆ ಬರುತ್ತಿತ್ತು. ಕೈರೋದ ಆ ತಾಮ್ರಗಾರರ ಓಣಿಯಲ್ಲಿ ಸುತ್ತಿಗೆ ನಿಲ್ಲುವುದು ಆಜಾನ್ ಕೇಳಿಸಿದಾಗ, ಇಲ್ಲವೇ ಕಸುಬಿನವರೊಬ್ಬರು ತೀರಿಕೊಂಡಾಗ. ಆಜಾನಿಗೆ ಇನ್ನೂ ಹೊತ್ತಿತ್ತು. ಯಾರ ಮನೆಯೋ ಎಂದು ಕೇಳಲು ಅವಳು ಮೊರ ಕೆಳಗಿಟ್ಟು ಕಿಟಕಿಗೆ ಹೋದಳು. ಕೆಳಗೆ ಸೇರಿದ್ದವರೆಲ್ಲ ಅವಳ ಕಿಟಕಿಯನ್ನೇ ನೋಡುತ್ತಿದ್ದರು. ಕೇಳಬೇಕಾದ ಅಗತ್ಯ ಉಳಿಯಲಿಲ್ಲ.

ಹೋದವನು ಬಯ್ಯೂಮಿ, ಅವಳ ತಮ್ಮ. ತಾಯಿ ತೀರಿದ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದವನು. ಬೆಳಗಿನ ನಮಾಜು ಮುಗಿಸಿ ಚಹದಂಗಡಿಯ ಬೆಂಚಿನ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಚಹ ಹಾಗೇ ಆರಿಹೋದದ್ದನ್ನು ಕಂಡು ಅಂಗಡಿಯವನು ಭುಜ ಅಲುಗಿಸಿದಾಗಲೇ ಗೊತ್ತಾದದ್ದು. ಓಣಿಗೆ ಉಳಿದಿದ್ದ ಕಡೆಯ ಕಲಾಯಿಗಾರ ಅವನು. ಕಲಾಯಿಗೆ ಹಾಕುವ ನವಸಾಗರದ ಹೊಗೆ ಕುಡಿದೂ ಕುಡಿದೂ ಎದೆ ಕೆಟ್ಟು, ಅವನ ಕುಲುಮೆ ತಣ್ಣಗಾಗಿ ಬಹಳ ಕಾಲವಾಗಿತ್ತು.

ಸಂಜೆಯ ಹೊತ್ತಿಗೆ ಸುದ್ದಿ ಓಣಿ ದಾಟಿ ಊರೆಲ್ಲ ಹಬ್ಬಿತು. ಕಲಾಯಿಗಾರ ಬಯ್ಯೂಮಿ ಸತ್ತನೆಂದಲ್ಲ. ಅಬೂ ತಾಸ ಸತ್ತನೆಂದು.

ಅಬೂ ತಾಸ ಯಾರೆಂದು ಆ ದೇಶದಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಹಿಂದೊಂದು ಕಾಲದ ರಂಜಾನ್ ತಿಂಗಳಲ್ಲಿ, ಉಪವಾಸ ಬಿಟ್ಟು ಜನ ಟೀವಿಯ ಮುಂದೆ ಕೂರುವ ಹೊತ್ತಿಗೆ, ಸುಹೈಲ್ ನಕ್ಷತ್ರದಿಂದ ಇಳಿದು ಬರುತ್ತಿದ್ದ ತಾಮ್ರದ ಮನುಷ್ಯ ಅವನು. ಆ ವೇಷ ಕಟ್ಟುತ್ತಿದ್ದವನು ಬಯ್ಯೂಮಿ. ಅವನ ತಲೆ ಬೋರಲು ಹಾಕಿದ ಒಂದು ತಾಸ, ಎಂದರೆ ಬಟ್ಟಲು. ಹೊಟ್ಟೆ ಒಂದು ದೊಡ್ಡ ಕೊಪ್ಪರಿಗೆ. ಭೂಮಿಯ ಮೇಲೆ ನಡೆದು ಅಭ್ಯಾಸವಿಲ್ಲದವನಂತೆ ಸೊಂಟ ತಿರುಚುತ್ತಾ, ಅತ್ತ ಇತ್ತ ಹೊರಳುತ್ತಾ ಬರುತ್ತಿದ್ದ. ಬಂದವನು ಹೊಟ್ಟೆಯ ಮುಚ್ಚಳ ತೆಗೆದು "ಹಸಿದವರು ಯಾರು?" ಎಂದು ಕೇಳುತ್ತಿದ್ದ. ಒಳಗಿಂದ ಹಬೆ ಏಳುತ್ತಿತ್ತು. ಬೀದಿಯ ಮಕ್ಕಳು ಬಟ್ಟಲು ಹಿಡಿದು ಸಾಲು ನಿಲ್ಲುತ್ತಿದ್ದರು. ಎಷ್ಟು ಬಡಿಸಿದರೂ ಆ ಹೊಟ್ಟೆಯ ಬೇಳೆಗಂಜಿ ಮುಗಿಯುತ್ತಿರಲಿಲ್ಲ. ಆಗಿನ ಮಕ್ಕಳಿಗೆ ಈಗ ತಲೆ ನರೆತಿದೆ. ಆದರೂ ಆ ಪ್ರಶ್ನೆ ಕಿವಿಗೆ ಬಿದ್ದರೆ ಅವರ ಮುಖದಲ್ಲಿ ಹಳೆಯ ಮಗುವೊಂದು ಬಂದು ಹೋಗುತ್ತದೆ.

ಮಯ್ಯತ್ತಿನ ಹಿಂದೆ ನಡೆದವರಲ್ಲಿ ಎಷ್ಟೋ ಜನ ತಲೆಯ ಮೇಲೆ ಬಟ್ಟಲು ಬೋರಲು ಹಾಕಿಕೊಂಡಿದ್ದರು. ಗಡ್ಡಮೀಸೆಯ ಗಂಡಸರು ಬಟ್ಟಲಿನ ಕೆಳಗೆ ಬಿಕ್ಕಿ ಬಿಕ್ಕಿ ಅಳುವುದನ್ನು ಇನ್ಸಾಫ್ ನೋಡಿದಳು. ಅವರನ್ನು ಬೈಯಬೇಕೆನ್ನಿಸಿತು, ಬೈಯಲು ಮನಸ್ಸು ಬರಲಿಲ್ಲ.

ಇವರೆಲ್ಲರ ಮುಂದಾಳು ಉಸ್ತಾ ನಶಾತ್, ಓಣಿಯ ಬಾಯಲ್ಲಿ ಕ್ಷೌರದಂಗಡಿ ಇಟ್ಟವನು. ಅವನ ಕನ್ನಡಿಯ ಸುತ್ತಲೂ ಅಬೂ ತಾಸನ ಚಿತ್ರಗಳು. ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿ, ಗಂಟಲ ಮೇಲೆ ಕತ್ತಿ ಇಟ್ಟು, ಅವನು ಅಲುಗಾಡಲಾರದ ಹೊತ್ತು ನೋಡಿ ಶುರು ಮಾಡುತ್ತಿದ್ದ.

"ಅಬೂ ತಾಸ ಯಾಕೆ ಯಾವಾಗ್ಲೂ ಬಲಕ್ಕೇ ತಿರುಗ್ತಾನೆ, ಹೇಳು ನೋಡೋಣ? ಗೊತ್ತಿಲ್ಲ! ಅವನ ಕಣ್ಣು ಅಂದ್ರೆ ಚಹದ ಲೋಟದ ತಳ ಕಣಯ್ಯ. ಎಡಗಡೇದು ಬಿರುಕು ಬಿಟ್ಟಿತ್ತು, ಏನೂ ಕಾಣ್ತಿರ್ಲಿಲ್ಲ. ಇನ್ನೊಂದು ಕೇಳು. ಇಡೀ ಕಥೇಲಿ ಅವನು ಒಂದು ಸಲಾನಾದ್ರೂ ಕೂತಿದ್ದು ನೋಡಿದೀಯಾ? ಆ ವೇಷದಲ್ಲಿ ಮಂಡಿ ಮಡಿಸೋಕೇ ಆಗ್ತಿರ್ಲಿಲ್ಲ. ನಮಾಜು ಹೊತ್ತಾದ್ರೆ ನಿಂತ್ಕೊಂಡೇ, ಸನ್ನೇಲೇ!"

ಇವೆಲ್ಲ ನಿಜವೇ. ಬಯ್ಯೂಮಿಯನ್ನು ಪುಕ್ಕಟೆಯಾಗಿ ಕ್ಷೌರಕ್ಕೆ ಕೂರಿಸಿಕೊಂಡು ಕೆದಕಿ ಕೆದಕಿ ತೆಗೆದದ್ದು. ಆದರೆ ನಶಾತ್ ಎಲ್ಲಕ್ಕಿಂತ ಕಡೆಗೆ, ಕತ್ತಿ ಒರೆಸುತ್ತಾ, ದನಿ ತಗ್ಗಿಸಿ ಹೇಳುತ್ತಿದ್ದ ಸಂಗತಿ ಬೇರೆ ಇತ್ತು. ಆ ಮಕ್ಕಳ ಸಾಲಿನಲ್ಲಿ, ಮುಂದಿನ ಹಲ್ಲು ಬಿದ್ದ ಹುಡುಗನಾಗಿ, ತಾನೂ ನಿಂತಿದ್ದೆನೆಂದು. "ಆ ಹೊಟ್ಟೆಯಿಂದ ತಿಂದಿದೀನಿ. ಈ ಬಾಯಲ್ಲೇ. ಆವತ್ತು ನಮ್ಮನೇಲಿ ಒಲೆ ಹಚ್ಚಿರ್ಲಿಲ್ಲ."

ಬಯ್ಯೂಮಿ ಆ ಮಾತು ಕೇಳಿದಾಗಲೆಲ್ಲ ಮೀಸೆಯಲ್ಲೇ ನಕ್ಕು ಸುಮ್ಮನಾಗುತ್ತಿದ್ದ. ಏಕೆಂದು ಇನ್ಸಾಫಳೊಬ್ಬಳಿಗೆ ಗೊತ್ತಿತ್ತು. ಆ ಹೊಟ್ಟೆಯಲ್ಲಿ ಎಂದೂ ಗಂಜಿ ಇರಲೇ ಇಲ್ಲ. ಗಂಜಿ ಕಾಯಿಸಿ ಸ್ಟುಡಿಯೋಗೆ ಹೊತ್ತುಕೊಂಡು ಹೋಗುತ್ತಿದ್ದವಳು ಅವಳೇ. ಅದು ಇರುತ್ತಿದ್ದದ್ದು ಅವಳ ಎನಾಮಲ್ ಬೋಗುಣಿಯಲ್ಲಿ. ಬೋಗುಣಿಯನ್ನು ಕೊಪ್ಪರಿಗೆಯ ಒಳಗೆ ಇಳಿಸಿ ಮುಚ್ಚಳ ಹಾಕುತ್ತಿದ್ದರು. ಕೊಪ್ಪರಿಗೆಯ ಕಲಾಯಿ ಆಗಲೇ ತೆಳುವಾಗಿತ್ತು. ನಿಂಬೆ ಹಿಂಡಿದ ಗಂಜಿ, ದೀಪಗಳ ಕಾವು, ದಿನವಿಡೀ ಕಾಯುವುದು. ಹುಳಿ ತಾಮ್ರಕ್ಕೆ ತಾಗಿದರೆ ಏನಾಗುತ್ತದೆಂದು ಕಲಾಯಿಗಾರನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಹೊಟ್ಟೆಯಿಂದ್ಲೇ ಬಂತು ಅಂತ ಮಕ್ಕಳು ನಂಬಿದಾವೆ ಅಕ್ಕ," ಎಂದಿದ್ದ ಬಯ್ಯೂಮಿ ಆಗ. "ನಂಬ್ಲಿ ಬಿಡು. ನಿನ್ನ ಬೋಗುಣಿ ಮಾತು ಎಲ್ಲೂ ಎತ್ಬೇಡ."

ಅವಳು ಎತ್ತಲಿಲ್ಲ. ತಮ್ಮನಿಗೆ ಕೊಟ್ಟ ಮಾತು.

ನಲವತ್ತನೆಯ ದಿನ ಹತ್ತಿರವಾದಾಗ ಬಯ್ಯೂಮಿಯ ಮಗ ಶೌಕಿ, ನಶಾತನನ್ನು ಹಿಂದಿಟ್ಟುಕೊಂಡು ಮೇಲೆ ಬಂದ. ಶೌಕಿ ಅಪ್ಪನ ಕಸುಬು ಹಿಡಿದವನಲ್ಲ, ಅಲ್ಯೂಮಿನಿಯಂ ಪಾತ್ರೆಗಳ ವ್ಯಾಪಾರಿ.

"ಅತ್ತೆ, ಅಪ್ಪನ ಹೆಸರಲ್ಲಿ ಬಡವರಿಗೆ ಫತ್ತಾ ಮಾಡಿ ಹಾಕೋಣ ಅಂತ."

"ಮಾಡಪ್ಪ. ಅವನಿಗೂ ಅದೇ ಪ್ರಾಣ. ಅನ್ನ ರೊಟ್ಟಿ ಕಮ್ಮಿ ಆದ್ರೂ ಪರವಾಗಿಲ್ಲ, ಮಾಂಸ ಧಾರಾಳ ಇರ್ಲಿ. ಸಾರಿಗೆ ಬೆಳ್ಳುಳ್ಳಿ, ವಿನಿಗರ್ ಜೋರಾಗಿ ಬೀಳ್ಲಿ. ಅವನಿಗೆ ಮೂಗಲ್ಲಿ ನೀರು ಬರ್ಬೇಕಿತ್ತು."

"ಆ ಸಾರೇ ಹಜ್ಜಾ," ಎಂದು ನಶಾತ್ ಮುಂದೆ ಬಂದ. "ಸಾರು ಮಾತ್ರ ಅಬೂ ತಾಸನ ಹೊಟ್ಟೆಯಿಂದ್ಲೇ ಬಡಿಸ್ಬೇಕು. ಎಲ್ಲೆಲ್ಲಿಂದಾನೋ ಜನ ಬರ್ತಿದಾರೆ. ಸೌಟು ನಾನೇ ಹಿಡೀತೀನಿ. ಇಲ್ಲ ಅನ್ಬೇಡಿ."

ಕೊಪ್ಪರಿಗೆ ಕೆಳಗೆ ಅಂಗಳದ ಗೋಡೆಯಲ್ಲಿ ಮೊಳೆಗೆ ನೇತಾಡುತ್ತಿತ್ತು. ವೇಷದಲ್ಲಿ ಉಳಿದಿದ್ದು ಅದೊಂದೇ.

"ಅದು ಗೋಡೆ ಹತ್ತಿ ಯಾವ ಕಾಲವಾಯ್ತು! ಕಲಾಯಿ ಮಾಡಿಸ್ದೆ ಅದರಲ್ಲಿ ನೀರೂ ಕಾಯಿಸೋ ಹಾಗಿಲ್ಲ."

"ಕಲಾಯಿ ಚಿಂತೆ ನಮಗೆ ಬಿಡಿ. ನಿಮ್ಮ ತಮ್ಮ ಹೆಂಗೆ ಮಾಡ್ತಿದ್ರೋ ಹಂಗೇ, ಒಂಚೂರು ಹೆಚ್ಚುಕಮ್ಮಿ ಇಲ್ದಂಗೆ ಮಾಡ್ತೀವಿ. ಈ ಓಣೀಲಿ ಹುಟ್ಟಿದವ್ನಿಗೆ ಕಲಾಯಿ ಗೊತ್ತಿಲ್ವಾ?"

"ಯಾರು ಮಾಡೋರು?"

"ಎಲ್ರೂ ಸೇರಿ!" ಎಂದು ಅವನು ನಕ್ಕ.

"ನಿನ್ನ ಕತ್ತಿ ನಿನ್ನ ನಾಲಿಗೆ ಥರ ಓಡಿದ್ರೆ ಈ ಓಣೀಲಿ ಒಬ್ಬನಿಗೂ ಕಿವಿ ಉಳೀತಿರ್ಲಿಲ್ಲ. ಶೌಕಿ, ನೀನು ಹೇಳೋ. ಕಲಾಯಿ ಆಗತ್ತಾ?"

"ಆಗತ್ತೆ ಅತ್ತೆ. ನನ್ನ ಮೇಲಿರ್ಲಿ."

ಬೇರೆ ಪೇಟೆಯಿಂದ ಯಾರೋ ಕಲಾಯಿಗಾರನನ್ನು ಕರೆಸುತ್ತಾರೆಂದು ಅವಳು ತಿಳಿದಳು. ದುಃಖದಲ್ಲಿರುವವರಿಗೆ ಹೆಚ್ಚು ಪ್ರಶ್ನೆ ಕೇಳುವ ಚೈತನ್ಯವಿರುವುದಿಲ್ಲ.

ನಲವತ್ತರ ಹಿಂದಿನ ದಿನ ಮಧ್ಯಾಹ್ನದ ನಮಾಜು ಮುಗಿಸಿ ಅವಳು ಮಂಚದ ಮೇಲೆ ಅಡ್ಡಾಗಿದ್ದಳು. ಅಂಗಳದಿಂದ ಒಂದು ಸದ್ದು ಕೇಳಿಸಿತು. ಗರ್... ಗರ್... ಗರ್... ತಾಮ್ರದ ಮೇಲೆ ಮರಳು ಉಜ್ಜುವ ಸದ್ದು. ಅವಳು ಹುಟ್ಟಿದಂದಿನಿಂದ ಕೇಳಿದ್ದು. ಕೊಪ್ಪರಿಗೆಗೆ ದಪ್ಪ ಮರಳು ಸುರಿದು, ಕಲಾಯಿಗಾರ ಬರಿಗಾಲಲ್ಲಿ ಒಳಗಿಳಿದು, ಗೋಡೆಗೆ ಕೈ ಊರಿ, ಸೊಂಟವನ್ನು ಅತ್ತ ಇತ್ತ ತಿರುಚುತ್ತಾನೆ. ಕಾಲಡಿಯ ಮರಳು ಹಳೆಯ ತವರ, ಜಿಡ್ಡು, ಕಿಲುಬು ಎಲ್ಲವನ್ನೂ ತಿಂದು ಹಾಕುತ್ತದೆ. ತಂದೆ ಹಾಗೆ ತಿರುಚುತ್ತಿದ್ದ, ಅವಳ ಗಂಡ ತಿರುಚುತ್ತಿದ್ದ, ಬಯ್ಯೂಮಿ ತಿರುಚುತ್ತಿದ್ದ. ಭೂಮಿಯವನಲ್ಲದವನ ಹಾಗೆ ನಡೆ ಎಂದು ಸ್ಟುಡಿಯೋದಲ್ಲಿ ಹೇಳಿದಾಗ ಅವನಿಗೆ ಬೇರೇನೂ ತೋಚದೆ ಕಾಲು ತಾನಾಗಿ ಮಾಡಿದ್ದು ಅದನ್ನೇ. ದೇಶವೆಲ್ಲ ಅಬೂ ತಾಸನ ನಡಿಗೆ ಎಂದು ಕುಣಿದದ್ದು ಪಾತ್ರೆ ಉಜ್ಜುವ ಕೆಲಸವನ್ನು.

ಗರ್... ಗರ್... ಕೆಳಗೆ ನಗುವಿತ್ತು, ಚಪ್ಪಾಳೆಯಿತ್ತು. "ಈಗ ನನ್ನ ಸರದಿ!" ಎಂದು ಯಾರೋ ಕೂಗಿದರು. ಅವಳು ಅದನ್ನು ಗಮನಿಸಲಿಲ್ಲ. ಸದ್ದು ಮಾತ್ರ ಎದೆಯ ಮೇಲೆ ಕೈಯಾಡಿಸಿದಂತಿತ್ತು. ತಮ್ಮ ಕೆಳಗೆ ಕೆಲಸ ಮಾಡುತ್ತಿದ್ದಾನೆ ಅನ್ನಿಸಿತು. ತಮ್ಮ ಸತ್ತ ಮೇಲೆ ಮೊದಲ ಸಲ ಅವಳಿಗೆ ಗಾಢವಾದ ನಿದ್ದೆ ಬಂತು.

ಬೆಳಿಗ್ಗೆ ಎಚ್ಚರಗೊಳಿಸಿದ್ದು ಬಿಸಿ ತುಪ್ಪಕ್ಕೆ ಬಿದ್ದ ಬೆಳ್ಳುಳ್ಳಿಯ ವಾಸನೆ, ಅದರ ಹಿಂದೆಯೇ ಚುರ್ರೆಂದ ವಿನಿಗರ್. ಬಿಸ್ಮಿಲ್ಲಾ ಎಂದು ಎದ್ದು ಕೂತಳು. ಹೊತ್ತು ಏರಿತ್ತು. ಓಣಿಯಲ್ಲಿ ಕುರಾನ್ ಓದುವ ಶೇಖ್ ಅವರ ದನಿ ಮೈಕಿನಲ್ಲಿ ಕೇಳುತ್ತಿತ್ತು. ಎಲ್ಲವೂ ಆಗಬೇಕಾದ ಹಾಗೆಯೇ ಆಗುತ್ತಿತ್ತು. ಆದರೂ ಅವಳ ಮೂಗು ಇನ್ನೇನನ್ನೋ ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ.

ಕಿಟಕಿಯ ಪರದೆ ಹಿಡಿದು ಮುಖಕ್ಕೆ ಒತ್ತಿಕೊಂಡಳು. ಸಾಬೂನಿನ ವಾಸನೆ. ದಿಂಬು, ಶಾಲು, ಮೂಸಿದಳು. ಎಲ್ಲೂ ಇಲ್ಲ.

ನವಸಾಗರದ ವಾಸನೆ ಇರಲಿಲ್ಲ.

ಮನೆಯಲ್ಲಿ ಒಂದು ಪಾತ್ರೆಗೆ ಕಲಾಯಿ ಆದರೆ ಆ ಘಾಟು ದಿನಗಟ್ಟಲೆ ಬಟ್ಟೆಯಲ್ಲಿ ಕೂತಿರುತ್ತದೆ. ಉಜ್ಜುವುದು ಅರ್ಧ ಕೆಲಸ. ಆಮೇಲೆ ಕುಲುಮೆ ಹೊತ್ತಬೇಕು, ಪಾತ್ರೆ ಕಾಯಬೇಕು, ನವಸಾಗರದ ಪುಡಿ ಬಿದ್ದು ಬಿಳಿ ಹೊಗೆ ಏಳಬೇಕು, ತವರ ಕರಗಿ ಹರಿಯಬೇಕು, ಹತ್ತಿಯಲ್ಲಿ ಒರೆಸಬೇಕು. ಆಗ ಒಳಗೆಲ್ಲ ಬೆಳ್ಳಗಾಗುತ್ತದೆ. ಆಗ ಅದು ಉಣ್ಣುವ ಪಾತ್ರೆ.

ನಿನ್ನೆ ಕುಣಿದವರು ಯಾರೆಂದು ಅವಳಿಗೆ ಈಗ ಹೊಳೆಯಿತು. ಎಲ್ಲರೂ ಸೇರಿ ಎಂದಿದ್ದನಲ್ಲ. ಪಾಪ, ಅವರು ಮೋಸ ಮಾಡಿದವರಲ್ಲ. ಈ ಓಣಿಯ ಮಕ್ಕಳು ನೋಡಿದ್ದು ಅಷ್ಟೇ. ಬಯ್ಯೂಮಿ ಕೊಪ್ಪರಿಗೆಯಲ್ಲಿ ನಿಂತು ತಿರುಚುವಾಗ ಸುತ್ತ ನೆರೆದು ಕೇಕೆ ಹಾಕುತ್ತಿದ್ದರು. ಅವನು ಕೆಳಗಿಳಿದು ಕುಲುಮೆಗೆ ಕೈಹಾಕಿದನೆಂದರೆ ಮರಳಿನ ಹಿಡಿ ಎಸೆದು ಅಟ್ಟುತ್ತಿದ್ದ: "ಓಡ್ರೋ, ಓಡ್ರೋ! ಈ ಹೊಗೆ ಕುಡಿದ್ರೆ ನನ್ನ ಹಾಗೆ ಕೆಮ್ಕೊಂಡು ಸಾಯ್ತೀರಿ!" ಅವರ ಎದೆ ಚೆನ್ನಾಗಿರಲೆಂದು ಅಟ್ಟಿದ್ದ. ಒಂದು ತಲೆಮಾರು ಕಲಾಯಿ ಎಂದರೆ ಕುಣಿತವೆಂದು ತಿಳಿದು ಬೆಳೆದಿತ್ತು. ಬಯ್ಯೂಮಿಗೆ ಗೌರವವೆಂದು ಅವರು ನಿನ್ನೆ ಒಬ್ಬರಾದ ಮೇಲೊಬ್ಬರು ಆ ಕೊಪ್ಪರಿಗೆಯೊಳಗೆ ನಿಂತು, ಉಳಿದಿದ್ದ ಚೂರು ತವರವನ್ನೂ ಕಾಲಿನಿಂದ ಕಿತ್ತುಹಾಕಿದ್ದರು.

ಅವಳು ಹುಡುಗಿಯಾಗಿದ್ದಾಗ ಪಕ್ಕದ ಓಣಿಯ ದೀಪದಂಗಡಿಯವರ ಮನೆಯಲ್ಲಿ ಒಂದು ಮದುವೆಯಾಗಿತ್ತು. ಕಲಾಯಿ ಹೋದ ಹಂಡೆಯಲ್ಲಿ ಹುಳಿಸಾರು ರಾತ್ರಿಯಿಡೀ ನಿಂತಿತ್ತು. ಮದುಮಗಳನ್ನು ಕೂರಿಸಬೇಕಾದ ಕುರ್ಚಿಯ ಮೇಲೆ ಮರುದಿನ ಯಾರೂ ಕೂರಲಿಲ್ಲ. ಇನ್ಸಾಫಳ ತಂದೆ ಆ ಸಂಜೆ ಮನೆಮನೆಗೂ ಹೋಗಿ, ಅಡಿಗೆಮನೆಗಳಲ್ಲಿ ಪಾತ್ರೆಗಳನ್ನು ಬೆಳಕಿಗೆ ಎತ್ತಿ ಹಿಡಿದು ಒಳಗೆ ನೋಡುತ್ತಿದ್ದದ್ದು ಅವಳ ಕಣ್ಣಿಗೆ ಕಟ್ಟಿತ್ತು.

ಮಂಡಿನೋವಿನ ಇನ್ಸಾಫ್ ಮೆಟ್ಟಿಲನ್ನು ಕೂತು ಕೂತು ಇಳಿದಳು.

ಅಂಗಳದಲ್ಲಿ ಅಡಿಗೆಗೆ ಬಂದಿದ್ದ ನೆರೆಯ ಉಮ್ಮ್ ಹಾಶಿಮ್ ಅಂಗಿಯ ತೋಳು ಮಡಚಿಕೊಂಡು ಅನ್ನ ಕೆದಕುತ್ತಿದ್ದಳು. ಅನ್ನ ಮತ್ತು ಮಾಂಸ ಶೌಕಿಯ ಅಲ್ಯೂಮಿನಿಯಂ ಡಬರಿಗಳಲ್ಲಿದ್ದವು. ನಡುವೆ, ಇಟ್ಟಿಗೆಗಳ ಮೇಲೆ, ಮಲ್ಲಿಗೆ ಸರ ಸುತ್ತಿಸಿಕೊಂಡು ಅಬೂ ತಾಸನ ಹೊಟ್ಟೆ ಕೂತಿತ್ತು. ಕಂಠದವರೆಗೂ ಟೊಮೇಟೊ ಸಾರು. ಸಾರಿನ ಅಂಚಿನ ಮೇಲೆ ಕಾಣುತ್ತಿದ್ದ ಒಳಮೈ ಬಿಳಿಯಾಗಿರಲಿಲ್ಲ. ಚರ್ಮ ಸುಲಿದ ಹಾಗೆ ಕೆಂಪಗೆ ಹೊಳೆಯುತ್ತಿತ್ತು.

"ಎದ್ರಾ ಹಜ್ಜಾ? ಬಯ್ಯೂಮಿ ಮಾಮನ್ನ ದೇವರು ಕರುಣಿಸ್ಲಿ. ನೋಡಿ, ಹೆಂಗೆ ಫಳಫಳ ಅಂತಿದೆ! ನಿನ್ನೆ ಎಲ್ರೂ ಸೇರಿ ಉಜ್ಜಿದ್ದೇ ಉಜ್ಜಿದ್ದು."

"ಸಾರು ಯಾವಾಗ ಸುರಿದೆ ಇದಕ್ಕೆ?"

"ಬೆಳಕು ಹರಿಯೋ ಮುಂಚೇನೇ. ಹುಳಿ ಚೆನ್ನಾಗಿ ಹೊಂದ್ಕೊಳ್ಲಿ ಅಂತ. ಒಗ್ಗರಣೆ ಮಾತ್ರ ಈಗ ಇನ್ನೊಂದ್ಸಲ ಹಾಕ್ದೆ. ಆದ್ರೆ ಈ ಸಲದ ಬೆಳ್ಳುಳ್ಳಿ ಸರಿಯಿಲ್ಲ ಹಜ್ಜಾ. ಬೆರಳು ಅದ್ದಿ ನೋಡ್ದೆ, ಒಂಥರಾ ಒಗರು. ನಾಲಿಗೆ ಮೇಲೆ ಕಾಸು ಇಟ್ಕೊಂಡಂಗೆ. ಉಗಿದುಬಿಟ್ಟೆ."

"ಯಾರಾದ್ರೂ ತಿಂದ್ರಾ?"

"ಇನ್ನೂ ಇಲ್ಲ. ನಶಾತ್ ಒಬ್ನೇ. ಮೊದಲ ಬಟ್ಟಲು ನನ್ನದೇ ಅಂತ ಹಟ ಮಾಡಿ ಬೆಳಿಗ್ಗೆ ತಿಂದ. ರೊಟ್ಟಿ ಅದ್ದಿ ಅದ್ದಿ, ಇನ್ನೊಂದ್ಸಲ ಹಾಕಿಸ್ಕೊಂಡ. ಕಣ್ಣೀರು ಸುರಿಸ್ಕೊಂಡು ತಿಂದ, ಪಾಪ, ಚಿಕ್ಕ ಮಗು ಥರ."

ಆ ಹೊತ್ತಿಗೆ ಬಾಗಿಲು ತೆರೆದರು. ಶೌಕಿಯೂ ಇನ್ನು ಮೂವರೂ ಒಳಗೆ ಬಂದು, ಕೋಲು ತೂರಿಸಿ ಕೊಪ್ಪರಿಗೆಯನ್ನು ಎತ್ತಿ ಓಣಿಗೆ ಒಯ್ದರು. ಅವಳು ಹಿಂದೆಯೇ ಓಡಿದಳು. ಓಡಿದಳೆಂದರೆ ಗೋಡೆ ಹಿಡಿದು ಕಾಲೆಳೆದಳು.

ಓಣಿ ತುಂಬ ಜನ. ಬಡವರ ಸಾಲು ಮಸೀದಿಯ ತಿರುವಿನವರೆಗೂ ಹೋಗಿತ್ತು. ತಲೆಯ ಮೇಲೆ ಬಟ್ಟಲು ಹಾಕಿಕೊಂಡವರು ಫೋನು ಎತ್ತಿ ಹಿಡಿದಿದ್ದರು. ಟೀವಿಯವರೂ ಬಂದಿದ್ದರು. ಸ್ಟೂಲಿನ ಮೇಲೆ ನಿಂತು ನಶಾತ್ ಮಾತಾಡುತ್ತಿದ್ದ.

"ನಿಮಗಿದು ಗೊತ್ತಿರೋಕಿಲ್ಲ! ಅವನ ತಲೆಯಿಂದ ಹೊಗೆ ಬರ್ತಿತ್ತಲ್ಲ, ಅದು ಲೋಬಾನ. ಬಟ್ಟಲೊಳಗೆ ಕೆಂಡ ಇಡ್ತಿದ್ರು. ಒಂದು ಸಲ ಕೂದಲಿಗೇ ಹತ್ಕೊಳ್ತು, ಆದ್ರೂ..." ಮಾತು ನಿಲ್ಲಿಸಿ ಬಾಯಿ ಒರೆಸಿಕೊಂಡ. ಹಣೆಯ ಮೇಲೆ ಬೆವರು ಮಣಿಗಟ್ಟಿತ್ತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮತ್ತೆ ಉಗುಳು ನುಂಗಿದ, ಮತ್ತೆ ಒರೆಸಿಕೊಂಡ. "ಆದ್ರೂ ಅವನು ಅಲುಗಾಡ್ಲಿಲ್ಲ! ಯಾಕಂದ್ರೆ ಮಕ್ಕಳು ನೋಡ್ತಿದ್ರು!"

ಜನ ಅತ್ತರು, ನಕ್ಕರು. ಇನ್ಸಾಫ್ ಶೌಕಿಯ ತೋಳು ಹಿಡಿದಳು.

"ಚೆಲ್ಲಿಸು ಇದನ್ನ. ಈಗ್ಲೇ."

"ಏನತ್ತೆ?"

"ಒಳಗೆ ಬರೀ ತಾಮ್ರ ಇದೆಯೋ. ಕಲಾಯಿ ಆಗಿಲ್ಲ. ಹುಳಿ ಬೆಳಗಿನಿಂದ ನಿಂತಿದೆ. ವಿಷ ಆಗಿದೆ."

"ನಿನ್ನೆ ಅಷ್ಟು ಜನ ಮಾಡಿದ್ದು ಏನು ಮತ್ತೆ? ನೋಡು, ಕನ್ನಡಿ ಥರ ಇದೆ." ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಅತ್ತೆ, ನಿಂಗೆ ಅಪ್ಪ ಹೋದಾಗಿನಿಂದ ಸರಿಯಾಗಿ ನಿದ್ದೆ ಇಲ್ಲ. ಮೇಲೆ ಹೋಗಿ ಮಲಕ್ಕೋ. ಟೀವಿಯವ್ರ ಮುಂದೆ ಮರ್ಯಾದೆ ಕಳೀಬೇಡ."

"ಶೌಕಿ..."

"ಸತ್ತವರ ಹೆಸರಿನ ಅನ್ನ ಮಣ್ಣಿಗೆ ಚೆಲ್ಲೋದಾ? ಜನ ಏನಂತಾರೆ? ಬಯ್ಯೂಮಿ ದಾನ ದೇವರು ಒಪ್ಪಲಿಲ್ಲ ಅಂತಾರೆ! ನೀನೇ ಹೇಳು, ಅಪ್ಪನಿಗೆ ಅದು ಬೇಕಾ?"

ಆ ಮಾತು ಅವಳಿಗೆ ನಾಟಿತು. ಅವಳೂ ಅದನ್ನೇ ನಂಬಿ ಬೆಳೆದವಳು. ನಲವತ್ತರ ಅನ್ನ ನೆಲಕ್ಕೆ ಬಿದ್ದರೆ ಅದು ಗೋರಿಯವರೆಗೆ ತಲುಪುವುದಿಲ್ಲ ಎನ್ನುತ್ತಾರೆ. ತಮ್ಮ ಅಲ್ಲಿ ಕೈಚಾಚಿಕೊಂಡು ಕಾಯುತ್ತಿರುವಂತೆ ಕಣ್ಣಿಗೆ ಕಂಡಿತು. ಹಿಡಿದಿದ್ದ ತೋಳನ್ನು ಬಿಟ್ಟಳು.

"ಹಸಿದವರು ಯಾರು?" ಎಂದು ನಶಾತ್ ಕೂಗಿದ.

"ನಾವು!" ಎಂದಿತು ಓಣಿ.

"ಯಾರು?"

"ನಾವು! ನಾವು!"

ನಶಾತ್ ಸ್ಟೂಲಿನಿಂದ ಇಳಿದು ಸೌಟು ಎತ್ತಿಕೊಂಡ. ಇಳಿಯುವಾಗ ತೂರಾಡಿದ, ಜನ ಅದನ್ನು ಅಬೂ ತಾಸನ ನಡಿಗೆ ಎಂದು ತಿಳಿದು ಶಿಳ್ಳೆ ಹೊಡೆದರು. ಸಾಲಿನ ಮೊದಲಿಗೆ ಸೊಪ್ಪು ಮಾರುವವಳೊಬ್ಬಳು, ಕಂಕುಳಲ್ಲಿ ಕೂಸಿನೊಂದಿಗೆ, ಅನ್ನದ ತಟ್ಟೆ ಹಿಡಿದು ನಿಂತಿದ್ದಳು.

"ನಶಾತ್, ನಿಲ್ಲು." ಇನ್ಸಾಫ್ ಸೌಟಿನ ಮೇಲೆ ಕೈಯಿಟ್ಟಳು. "ಈ ಹೊಟ್ಟೆಯಿಂದ ಯಾವತ್ತೂ ಯಾರೂ ಉಂಡಿಲ್ಲ ಮಗಾ."

"ನಾನೇ ಉಂಡಿದೀನಿ ಹಜ್ಜಾ," ಎಂದು ಅವನು ನಗಲು ನೋಡಿದ. "ಇಡೀ ದೇಶ ನೋಡಿದೆ."

"ನೀನು ಉಂಡಿದ್ದು ನನ್ನ ಬೋಗುಣಿಯಿಂದ. ಒಳಗಡೆ ಬೋಗುಣಿ ಇಡ್ತಿದ್ವಿ. ಗಂಜಿ ಕಾಯಿಸಿದ್ದು ನಾನು. ಹೊತ್ತು ತಂದಿದ್ದು ನಾನು. ತಾಮ್ರಕ್ಕೆ ಹುಳಿ ತಾಗಬಾರ್ದು ಅಂತ ನನ್ನ ತಮ್ಮ ಅಷ್ಟು ಎಚ್ಚರ ಮಾಡಿದ್ದ. ನೀವು ನಂಬಿದೀರಿ ಅಂತ ಹೇಳ್ಬೇಡ ಅಂದಿದ್ದ. ಇಷ್ಟು ಕಾಲ ಹೇಳ್ಲಿಲ್ಲ."

ನಶಾತ್ ಅವಳ ಮುಖವನ್ನೇ ನೋಡಿದ. ತನ್ನ ಮನೆಯಲ್ಲಿ ಒಲೆ ಹೊತ್ತದ ಆ ದಿನವನ್ನು ಯಾರೋ ಕೈಯಿಂದ ಕಿತ್ತುಕೊಳ್ಳುತ್ತಿರುವಂತೆ ಸೌಟನ್ನು ಎಳೆದುಕೊಂಡ.

"ಸುಳ್ಳು," ಎಂದ, ಬಹಳ ಮೆಲ್ಲಗೆ. "ತಟ್ಟೆ ಹಿಡಿಯಮ್ಮ."

ಸೌಟು ಸಾರಿಗೆ ಇಳಿಯಿತು. ಇನ್ಸಾಫ್ ಕೊಪ್ಪರಿಗೆಯ ಕಂಠಕ್ಕೆ ಎರಡೂ ಕೈ ಹಚ್ಚಿ ತಳ್ಳಿದಳು. ಅದು ಮಿಸುಕಲಿಲ್ಲ. ಹಿಂದಿನಿಂದ ಯಾರೋ ಅವಳ ಹೆಗಲು ಹಿಡಿದರು. "ಪಾಪ, ಅಜ್ಜಿಗೆ ಬುದ್ಧಿ ಹೋಗಿದೆ," ಎಂದರು. ಸೊಪ್ಪಿನವಳು ತಟ್ಟೆ ಮುಂದೆ ಚಾಚಿದಳು.

ಹಜ್ಜಾ ಇನ್ಸಾಫ್ ಬಗ್ಗಿ, ಕಾಲಿನ ಚಪ್ಪಲಿ ಕಳಚಿ, ಓಣಿಯ ಕೆಸರು ಮೆತ್ತಿದ ಅದನ್ನು ಸಾರಿನೊಳಗೆ ಹಾಕಿದಳು.

ಅವಳು ಇನ್ನೊಂದು ಚಪ್ಪಲಿಯನ್ನೂ ತೆಗೆದು ಹಾಕಿದಳು.

"ಈಗ ತಿನ್ನಿ ನೋಡೋಣ," ಎಂದಳು.

ಆಮೇಲೆ ಕಿರುಚಾಟ ಎದ್ದಿತು. "ಅನ್ನಕ್ಕೆ ಚಪ್ಪಲಿ!" "ತಮ್ಮನ ಅನ್ನಕ್ಕೇ!" "ದೇವರೇ ಕ್ಷಮಿಸು!" ಶೌಕಿ ಎರಡೂ ಕೈಯಲ್ಲಿ ತಲೆ ಬಡಿದುಕೊಂಡ. "ನನ್ನಪ್ಪನ ಮುಖಕ್ಕೆ ಹೊಡೆದ್ಯಲ್ಲೇ ಅತ್ತೆ! ಎಲ್ಲರ ಮುಂದೆ ಹೊಡೆದ್ಯಲ್ಲೇ!" ಯಾರೋ ಎಸೆದ ರೊಟ್ಟಿಯ ಚೂರು ಅವಳ ಭುಜಕ್ಕೆ ತಾಗಿ ಬಿತ್ತು. ಅವಳು ಅಲ್ಲೇ, ಬರಿಗಾಲಲ್ಲಿ, ಕೊಪ್ಪರಿಗೆಯ ಕಂಠ ಹಿಡಿದು ನಿಂತಿದ್ದಳು. ತಾನು ಮಾಡಿದ್ದು ಸರಿಯೆಂದು ಅವಳಿಗೆ ಗೊತ್ತಿತ್ತು.

ನಶಾತ್ ಒಬ್ಬನೇ ಕೂಗಲಿಲ್ಲ. ಅವನು ಸೌಟು ಕೆಳಗಿಟ್ಟು, ಏನೋ ನೆನಪಾದವನಂತೆ ಹೊಟ್ಟೆ ಹಿಡಿದುಕೊಂಡ. ಬಾಗಿದ. ಅವನ ಬಾಯಿಂದ ಬಂದದ್ದು ಹಸಿರು ನೀಲಿಯಾಗಿತ್ತು. ಹಳೆಯ ಗುಮ್ಮಟಗಳ ಮೇಲೆ ಕೂತ ಕಿಲುಬಿನ ಬಣ್ಣ. ಇನ್ನೊಮ್ಮೆ ಬಂತು. ಆಮೇಲೆ ಮಂಡಿ ಮಡಿಸಿ ಬಿದ್ದ.

ಸೊಪ್ಪು ಮಾರುವವಳು ಕೂಸನ್ನು ಎದೆಗವಚಿಕೊಂಡು ಹಿಂದೆ ಹಿಂದೆ ಸರಿದಳು.

ಶೌಕಿ ಅವನನ್ನು ತನ್ನ ಗಾಡಿಯಲ್ಲಿ, ಅಲ್ಯೂಮಿನಿಯಂ ಪಾತ್ರೆಗಳ ನಡುವೆ ಮಲಗಿಸಿಕೊಂಡು ಆಸ್ಪತ್ರೆಗೆ ಹೋದ. ಹೋಗುವ ಮುಂಚೆ ಅತ್ತೆಯ ಕಡೆ ನೋಡಿದ. ಕೊಪ್ಪರಿಗೆಯನ್ನು ನಾಲ್ವರು ಸೇರಿ ಮೋರಿಯ ಬಳಿ ಮಗುಚಿದರು. ಉಮ್ಮ್ ಹಾಶಿಮ್ ಅಲ್ಯೂಮಿನಿಯಂ ಡಬರಿಯ ಅನ್ನವನ್ನೂ ಮಾಂಸವನ್ನೂ, ಸಾರಿಲ್ಲದೆ, ಬಂದವರಿಗೆ ಹಂಚಲು ನೋಡಿದಳು. "ಇದರಲ್ಲೇನೂ ಇಲ್ರೋ, ಬೇಕಾದ್ರೆ ಮೊದಲು ನಾನೇ ತಿಂತೀನಿ," ಎಂದು ತಿಂದೂ ತೋರಿಸಿದಳು. ಹಸಿದ ಕೆಲವರು ತೆಗೆದುಕೊಂಡರು. ಹೆಚ್ಚಿನವರು ಬರಿಗೈಯಲ್ಲಿ ಹೋದರು. ಹೋಗುವಾಗ ಸತ್ತವನಿಗೆ ಫಾತಿಹಾ ಓದುವುದನ್ನು ಮರೆತರು. ಓಣಿಯ ಬೆಕ್ಕೊಂದು ಮೋರಿಯ ಬಳಿ ಚೆಲ್ಲಿದ ಸಾರನ್ನು ಮೂಸಿ, ಕಾಲು ಕೊಡವಿ ಹೊರಟುಹೋಯಿತು.

ಮಧ್ಯಾಹ್ನ ಕಳೆದ ಮೇಲೆ ಶೌಕಿಯ ಫೋನು ಬಂತು. ಅವನ ದನಿ ಸಣ್ಣಗಾಗಿತ್ತು.

"ಅತ್ತೆ, ಹೊಟ್ಟೆ ತೊಳೆದಿದಾರೆ. ರಕ್ತ ತೆಗೆದಿದಾರೆ. ಯಕೃತ್ತಿಗೆ ಹೋಗಿದ್ಯೋ ಇಲ್ವೋ ಈಗ್ಲೇ ಹೇಳೋಕಾಗಲ್ಲ, ನಾಳೆ ನೋಡ್ಬೇಕು ಅಂತಾರೆ. ಕಣ್ಣು ಹಳದಿ ಆಗ್ತಿದೆ ಅತ್ತೆ."

"ಮಾತಾಡ್ತಾನಾ?"

"ಆಡ್ತಾನೆ, ನಡುನಡುವೆ. ನಿನ್ನನ್ನ ಒಂದು ಕೇಳು ಅಂತಾನೆ. ಆ ಬೋಗುಣಿ ಯಾವ ಬಣ್ಣದ್ದು ಅಂತ."

"ಬಿಳಿ," ಎಂದಳು ಇನ್ಸಾಫ್. "ಅಂಚು ನೀಲಿ. ಒಂದು ಕಡೆ ಎನಾಮಲ್ ಕಿತ್ತುಹೋಗಿತ್ತು, ಅದು ಹೊರಗಡೆ. ಒಳಗೆಲ್ಲ ಚೆನ್ನಾಗಿತ್ತು ಅಂತ ಹೇಳು. ಅವನಿಗೆ ಎರಡು ಸಲ ಹಾಕಿಸಿದ್ದೆ ಅಂತಾನೂ ಹೇಳು. ಸಾಲಲ್ಲಿ ಅವನೊಬ್ಬನಿಗೇ."

ನಲವತ್ತರ ಊಟ ಮುಗಿದ ಮೇಲೆ ಸುತ್ತಿಗೆಗಳು ಆ ದಿನ ಮತ್ತೆ ಶುರುವಾಗಬೇಕಿತ್ತು. ಯಾರೂ ಶುರು ಮಾಡಲಿಲ್ಲ. ತಾಮ್ರಗಾರರು ಅಂಗಡಿಯ ಬಾಗಿಲಲ್ಲಿ ಕೈಕಟ್ಟಿ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಆಸ್ಪತ್ರೆಯ ದಾರಿಯನ್ನು ನೋಡುತ್ತಿದ್ದರು.

ಸಂಜೆಯ ಆಜಾನಿಗೆ ಮುಂಚೆ ಅವಳು ಅಂಗಳದ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದಳು. ಚಾಪೆ ಹಾಸಿಕೊಂಡು, ಮಡಿಸಲಾರದ ಮಂಡಿಯನ್ನು ಮುಂದೆ ಚಾಚಿ ಕೂತು, ಅಂಗೈಗಳನ್ನು ಮೇಲೆ ತೆರೆದಳು. ಕಲಿತ ದುವಾಗಳು ನಾಲಿಗೆಗೆ ಬರಲಿಲ್ಲ. ಬಂದ ಮಾತಿನಲ್ಲೇ ಕೇಳಿಕೊಂಡಳು.

"ಯಾ ರಬ್, ನನ್ನ ಬಯ್ಯೂಮಿಯ ಗೋರಿಯನ್ನ ಅಗಲ ಮಾಡು. ಅದರಲ್ಲಿ ಬೆಳಕಿಡು. ಜೀವಮಾನವೆಲ್ಲ ಹೊಗೆ ಕುಡಿದ ಆ ಎದೆಗೆ ತಂಪು ಗಾಳಿ ಕೊಡು. ಅವನ ಹೆಸರಿನ ಅನ್ನ ನೆಲಕ್ಕೆ ಬಿತ್ತು. ಬೀಳಿಸಿದ ಪಾಪ ನನ್ನದು, ಅವನ ಲೆಕ್ಕಕ್ಕೆ ಬರೀಬೇಡ. ಬೇರೆಯವರ ಮಕ್ಕಳನ್ನ ಕಾಯ್ದವನು ಅವನು, ಅವನನ್ನ ನೀನು ಕಾಯಿ. ಅವನಿಗೆ ಅಲ್ಲಿ ಒಂಟಿ ಅನ್ನಿಸಿದ್ರೂ ಇರ್ಲಿ ದೇವರೇ, ಜೊತೆಗೆ ಅಂತ ಇಲ್ಲಿಂದ ಇನ್ನೊಬ್ಬನನ್ನ ಕರಕೋಬೇಡ. ನನ್ನ ತಮ್ಮನಿಗೆ ಶಾಂತಿ ಕೊಡು. ಆಮೀನ್."